ಮುಂಬಯಿಯ ಇಡ್ಲಿಗೆ ಕಲ್ಲು ಬಿದ್ದಾಗ



ನಾನು ಹೋಟೆಲುಗಳ ಮೆನು ಕಾರ್ಡ್, ಬಿಲ್ ಬುಕ್ಕು ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಪಿಯುಸಿಗೇ ಓದು ನಿಲ್ಲಿಸಿದವನು. ಆದರೂ ಮುಂಬಯಿ ಹೋಟೆಲುಗಳ ಬಗ್ಗೆ ನಿಮ್ಮ ಹತ್ತಿರ ನಾಲ್ಕು ಮಾತು ಆಡಲೇಬೇಕು. ಏಕೆಂದರೆ ಆ ಕಥೆಯಲ್ಲಿ ವಲಸೆ ಹೋದವರು ನಾವು.

ಮುಂಬಯಿಯ ಬೀದಿ ಮೂಲೆಗಳಲ್ಲಿ ಚಹಾ, ಬನ್ ಮಸ್ಕಾ ಮಾರಿದವರು ಇರಾನಿನಿಂದ ಬಂದವರು. ಗಿರಣಿ ಕಾರ್ಮಿಕರಿಗೆ ಖಾನಾವಳಿ ನಡೆಸಿದವರಲ್ಲಿ ಕೊಂಕಣದ ಹೆಂಗಸರು ಬಹಳ. ಇವರ ನಡುವೆ ಜಾಗ ಮಾಡಿಕೊಂಡವರು ನಮ್ಮ ದಕ್ಷಿಣ ಕನ್ನಡದ ಹುಡುಗರು. ಲೋಟ ತೊಳೆದರು, ಮೇಜು ಒರೆಸಿದರು, ರಾತ್ರಿ ಹೋಟೆಲಿನಲ್ಲೇ ಮೈ ಚಾಚಿದರು. ಹಾಗೆ ಎಳೆಯ ವಯಸ್ಸಿನಲ್ಲಿ ಹೋದ ಎ. ರಾಮ ನಾಯಕ್ 1942ರಲ್ಲಿ ಮಾಟುಂಗಾ ಸ್ಟೇಷನ್ ಹತ್ತಿರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಅಲ್ಲಿನ ಬಾಳೆಲೆ ಊಟಕ್ಕೆ ಇಂದಿಗೂ ಹೆಸರಿದೆ.

ಊರಿನ ರುಚಿಗೇ ಜೋತುಬಿದ್ದಿದ್ದರೆ ಗಲ್ಲಾ ತುಂಬುತ್ತಿರಲಿಲ್ಲ. ಗುಜರಾತಿ ಗಿರಾಕಿಗೆ ಸಾಂಬಾರು ಸಿಹಿಯಾಯಿತು. ದೋಸೆ ಕಾವಲಿಯ ಪಕ್ಕದಲ್ಲೇ ಪಾವ್ ಭಾಜಿ ಬೆಂದಿತು. ಗಿರಾಕಿಯ ಜೊತೆ ಮರಾಠಿ, ಹಿಂದಿ. ಅಡುಗೆಮನೆಯಲ್ಲಿ ತುಳು, ಕನ್ನಡ.

1966ರಲ್ಲಿ ಶಿವಸೇನೆ ಹುಟ್ಟಿತು. ‘ಲುಂಗಿವಾಲಾ’ಗಳು ಕೆಲಸ ಕಸಿದರೆಂಬ ಕೂಗೆದ್ದು ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಪೆಟ್ಟು ತಿಂದವನು ಕನ್ನಡಿಗ, ತಮಿಳ ಎಂದು ನೋಡಿದವರಿಲ್ಲ. ಮುಂದೆ ಇಡ್ಲಿಗೆ ಎದುರಾಳಿಯಾಗಿ ವಡಾಪಾವ್ ಗಾಡಿಗಳಿಗೆ ಬೆಂಬಲ ಸಿಕ್ಕಿತು. ತಮಾಷೆ ನೋಡಿ, ಪಾವ್ ಪೋರ್ಚುಗೀಸರು ತಂದದ್ದು, ಒಳಗಿನ ಆಲೂಗಡ್ಡೆ ಅಮೆರಿಕ ಖಂಡದಿಂದ ಬಂದದ್ದು!

ಆದರೆ ನನಗೆ ಹೊಟ್ಟೆಕಿಚ್ಚು ತರುವುದು ಬೇರೆ ಸಂಗತಿ. ಹಗಲೆಲ್ಲ ತಟ್ಟೆ ಎತ್ತಿದ ಹುಡುಗರು ರಾತ್ರಿ ಶಾಲೆಗೆ ಹೋದರು. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ಅಂಥ ಶಾಲೆ ನಡೆಸಿದವು. ಮಾಣಿಯಾಗಿದ್ದವರು ಅಲ್ಲಿ ಓದಿ ಗುಮಾಸ್ತರಾದರು, ವಕೀಲರಾದರು. ಊರು ಬಿಟ್ಟರೂ ಕನ್ನಡ ಬಿಡಲಿಲ್ಲ, ಸೇರಿದ ಊರಿನ ಭಾಷೆಯನ್ನೂ ಕಲಿತರು.

ಈಗ ಬೆಂಗಳೂರಿನ ಹೋಟೆಲಿಗೆ ಬನ್ನಿ. ಪ್ಲೇಟು ತೊಳೆಯುವವನು ಒಡಿಶಾದವನು, ಅಸ್ಸಾಮಿನವನು. ಅವನಿಗೆ ಕನ್ನಡ ಬಾರದೆಂದು ನೀವು ರೇಗುತ್ತೀರಿ. ಕನ್ನಡ ಮಾತಾಡು ಎಂದು ಕೇಳುವ ಹಕ್ಕು ನಮಗಿದೆ, ಅದನ್ನು ಬಿಡಬೇಡಿ. ಆದರೆ ಅವನಿಗೆ ಕಲಿಸುವ ರಾತ್ರಿ ಶಾಲೆ ನಿಮ್ಮ ವಾರ್ಡಿನಲ್ಲಿ ಎಲ್ಲಿದೆ? ಹೋಟೆಲು ಬಾಗಿಲು ಹಾಕಿದ ಮೇಲೆ ವಾರಕ್ಕೆ ಎರಡು ರಾತ್ರಿ ಕೂರಲು ಯಾರು ತಯಾರಿದ್ದೀರಿ? ಹೆಸರು ಕೊಡಿ. ಬಳಕೆಮಾತಿನ ಕನ್ನಡ ಪುಸ್ತಿಕೆಯ ಅಚ್ಚು ಕೂಲಿ ನನ್ನದು. ಕಾಗದದ ಖರ್ಚು ಮಾತ್ರ ನೀವು ಹೊಂದಿಸಿಕೊಳ್ಳಿ.