ಕೋಳಿ ಮನೆಗೆ ಯಾವ ಹಾಸು ಮೇಲು?



ಕೋಳಿ ಸಾಕುವವರು ಒಳ್ಳೆಯ ಮರಿ ಹುಡುಕುತ್ತಾರೆ, ಒಳ್ಳೆಯ ಆಹಾರ ತರುತ್ತಾರೆ. ಆದರೆ ನೆಲಕ್ಕೆ ಹರಡುವ ಹಾಸನ್ನು ಮಾತ್ರ ಕೈಗೆ ಸಿಕ್ಕಿದ್ದರಲ್ಲಿ ಮುಗಿಸಿಬಿಡುತ್ತಾರೆ. ಮಳೆಗಾಲದಲ್ಲಿ ಮರಿಗಳು ಸಾಯತೊಡಗಿದಾಗ ದೂರು ಮರಿಯ ಮೇಲೋ ಆಹಾರದ ಮೇಲೋ ಬೀಳುತ್ತದೆ. ಎಷ್ಟೋ ಸಲ ರೋಗದ ಮೂಲ ಕಾಲಡಿಯ ಹಾಸಿನಲ್ಲೇ ಇರುತ್ತದೆ.

ಹಾಸಿನ ಕೆಲಸವೇನು? ಹಸಿ ಹಿಕ್ಕೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ನೀರೇ. 100 ಮೊಟ್ಟೆ ಕೋಳಿಗಳು ದಿನಕ್ಕೆ ಸುಮಾರು 10 ಕಿಲೋ ಹಿಕ್ಕೆ ಹಾಕುತ್ತವೆ. ಎಂದರೆ ದಿನವೂ ಏಳು ಲೀಟರಿಗೂ ಹೆಚ್ಚು ನೀರು ನೆಲಕ್ಕೆ ಬಿದ್ದಂತಾಯಿತು. ಇದನ್ನು ಹೀರಿಕೊಂಡು ಮತ್ತೆ ಗಾಳಿಗೆ ಬಿಟ್ಟುಕೊಡುವ ವಸ್ತುವೇ ಒಳ್ಳೆಯ ಹಾಸು. ಹೀರಿದರಷ್ಟೇ ಸಾಲದು, ಬೇಗ ಒಣಗಲೂ ಬೇಕು.

ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುತ್ತದೆ. ಆದ್ದರಿಂದ ಅಕ್ಕಿ ಗಿರಣಿಯ ಭತ್ತದ ಹೊಟ್ಟು ಸುಲಭವಾಗಿ ದೊರೆಯುತ್ತದೆ. ಇದು ನೀರನ್ನು ಹೆಚ್ಚು ಹೀರದಿದ್ದರೂ ಬೇಗ ಒಣಗುತ್ತದೆ, ಹೆಂಟೆಗಟ್ಟುವುದು ಕಡಿಮೆ. ಈ ಭಾಗಕ್ಕೆ ಇದೇ ಮೊದಲ ಆಯ್ಕೆ. ತೌಡು ಬೆರೆತ ಹೊಟ್ಟನ್ನು ಮಾತ್ರ ಕೊಳ್ಳಬಾರದು. ಅದು ಬೂಷ್ಟು ಹಿಡಿಯುತ್ತದೆ.

ಶೇಂಗಾ ಸಿಪ್ಪೆಯನ್ನೂ ಬಳಸಬಹುದು. ಆದರೆ ಮಳೆಯಲ್ಲಿ ನೆನೆದ ಸಿಪ್ಪೆ ಬೇಡ. ಅದರ ಬೂಷ್ಟಿನ ಕಣಗಳು ಮರಿಗಳ ಶ್ವಾಸಕೋಶ ಸೇರಿ ರೋಗ ತರುತ್ತವೆ. ಕಟ್ಟಿಗೆ ಅಡ್ಡೆಯ ಹೊಟ್ಟು ಚೆನ್ನಾಗಿ ಹೀರುತ್ತದೆ; ನುಣುಪಾದ ಪುಡಿಯಾದರೆ ಮರಿಗಳು ಆಹಾರವೆಂದು ತಿನ್ನುತ್ತವೆ. ಭತ್ತದ ಹುಲ್ಲು, ಜೋಳದ ಕಣಿಕೆಗಳನ್ನು ಒಂದೆರಡು ಅಂಗುಲಕ್ಕೆ ಕತ್ತರಿಸಿಯೇ ಹಾಕಬೇಕು. ಉದ್ದ ಹುಲ್ಲು ಚಾಪೆಯಂತೆ ಒತ್ತಿಕೊಂಡು ಅಡಿಯಲ್ಲಿ ಕೊಳೆಯುತ್ತದೆ. ಒಣ ಮರಳು ಬೇಸಿಗೆಯಲ್ಲಿ ದೊಡ್ಡ ಕೋಳಿಗಳಿಗೆ ತಂಪು. ಎಳೆ ಮರಿಗಳಿಗೆ ಸಲ್ಲದು.

ಎರೆಮಣ್ಣಿನ ನೆಲ ತೇವವನ್ನು ಹಿಡಿದಿಡುತ್ತದೆ. ಅದರ ಮೇಲೆ ಎಂಥ ಹಾಸು ಹಾಕಿದರೂ ಫಲವಿಲ್ಲ. ಫರಸಿ ಕಲ್ಲು ಹಾಸಿ ಸಂದು ಮುಚ್ಚಿದ, ಹೊರಗಿನ ಅಂಗಳಕ್ಕಿಂತ ಎತ್ತರವಾದ ನೆಲ ಲೇಸು. ಬೇಸಿಗೆಯಲ್ಲಿ 2 ಅಂಗುಲ, ಮಳೆ ಮತ್ತು ಚಳಿಗಾಲದಲ್ಲಿ 3ರಿಂದ 4 ಅಂಗುಲ ದಪ್ಪ ಹಾಸು ಬೇಕು. ಮೊದಲ ಎರಡು ಮೂರು ದಿನ ಮರಿಗಳಿಗೆ ಮೇಲೆ ಒರಟು ಕಾಗದ ಹರಡಿ, ನಂತರ ತೆಗೆಯಿರಿ. ನುಣುಪು ಕಾಗದದ ಮೇಲೆ ಮರಿಗಳ ಕಾಲು ಜಾರಿ ಸೊಟ್ಟಗಾಗುತ್ತವೆ.

ತೇವ ನೋಡಲು ಯಂತ್ರ ಬೇಡ. ಒಂದು ಹಿಡಿ ಹಾಸನ್ನು ಮುಷ್ಟಿಯಲ್ಲಿ ಅಮುಕಿ ಬಿಡಿ. ಸಡಿಲವಾಗಿ ಉದುರಿದರೆ ಸರಿ. ಉಂಡೆಯಾಗಿ ನಿಂತರೆ ತೇವ ಹೆಚ್ಚು. ಧೂಳೆದ್ದರೆ ತೀರ ಒಣಗಿದೆ. ಬೆಚ್ಚಗಿನ ತೇವದಲ್ಲಿ ರಕ್ತಭೇದಿ ರೋಗದ ತತ್ತಿಗಳು ಒಂದೆರಡು ದಿನಗಳಲ್ಲೇ ಸೋಂಕು ತರುವಷ್ಟು ಬಲಿಯುತ್ತವೆ. ಆದ್ದರಿಂದ ನೀರಿನ ಪಾತ್ರೆಯ ಸುತ್ತ ನೆನೆದ ಹಾಸನ್ನು ಅಂದೇ ತೆಗೆದು ಹೊಸದನ್ನು ಹಾಕಿ. ವಾರಕ್ಕೆರಡು ಸಲ ಹಾಸನ್ನು ಕೆದಕಿ ತಿರುವಿ. ಕಣ್ಣು ಉರಿಯುವಷ್ಟು ವಾಸನೆ ಬಂದರೆ ಗಾಳಿ ಆಡಗೊಡಿ. ಒದ್ದೆ ಹಾಸಿಗೆ ಸುಣ್ಣ ಎರಚಿದರೆ ಅಮೋನಿಯಾ ಇನ್ನಷ್ಟು ಏಳುತ್ತದೆ. ಸುಣ್ಣವನ್ನು ಮನೆ ಖಾಲಿ ಮಾಡಿದಾಗ, ತೊಳೆದು ಒಣಗಿಸಿದ ನೆಲಕ್ಕೆ ಬಳಿಯಿರಿ.

ಕೋಳಿ ಮಾರಿದ ಮೇಲೆ ಹಳೆಯ ಹಾಸು ಹೊಲದ ಆಸ್ತಿ. ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಇವೆ. ಆದರೆ ಹೊಟ್ಟು ನಿಧಾನವಾಗಿ ಕೊಳೆಯುವ ವಸ್ತು. ಹಸಿಯಾಗಿಯೇ ಹೊಲಕ್ಕೆ ಹಾಕಿದರೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಹಿಡಿದುಕೊಂಡು, ಬೆಳೆ ಹಳದಿಗಟ್ಟಬಹುದು. ಆದ್ದರಿಂದ ಸಗಣಿ, ಕಸದೊಡನೆ ಗುಂಡಿಯಲ್ಲಿ ತೇವವಿಟ್ಟು, ಮೂರು ನಾಲ್ಕು ತಿಂಗಳು ಕೊಳೆಸಿ, ಬಿತ್ತನೆಗೆ ಮುಂಚೆ ಮಣ್ಣಿಗೆ ಸೇರಿಸಿ. ಸತ್ತ ಕೋಳಿಯನ್ನು ಆ ಗುಂಡಿಗೆ ಎಸೆಯದೆ ಬೇರೆ ಆಳವಾಗಿ ಹೂಳಿ. ಹಳೆಯ ಹಾಸು ದನ ಕುರಿಗಳ ಬಾಯಿಗೆ ಸಿಗದಂತೆ ನೋಡಿಕೊಳ್ಳಿ. ಅದರಿಂದ ಪಾರ್ಶ್ವವಾಯುವಿನಂಥ ಮಾರಕ ರೋಗ ಬರಬಹುದು.

ಹೊಟ್ಟಿನ ಖರ್ಚು ಮರಿಯ ಬೆಲೆಯ ಮುಂದೆ ಚಿಕ್ಕದು. ಸುಗ್ಗಿಯಲ್ಲಿ ಒಣ ಹೊಟ್ಟನ್ನು ಚೀಲ ತುಂಬಿ, ಮಳೆ ತಾಗದ ಕಡೆ ಕೂಡಿಟ್ಟವರಿಗೆ ಆಷಾಢ ಶ್ರಾವಣಗಳಲ್ಲಿ ಪರದಾಟವಿಲ್ಲ.