ಲೋಗೊ ತೆಗೆದರೇನೇ ಹೀರೊ: ಅಂಗೈಯಲ್ಲೊಂದು ‘ಬುಲಿಟ್’ ಮಸ್ಟ್ಯಾಂಗ್

  ಇವತ್ತಿನ ವಿಷಯ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಅಂಗಡಿಯಲ್ಲಿ ಸಿಗೋ ಡೈಕಾಸ್ಟ್ ಕಾರು ಇದೆಯಲ್ಲ, ಆ ಪುಟ್ಟ ಲೋಹದ ಕಾರು, ಅದನ್ನು ಬಿಚ್ಚಿ, ಬಣ್ಣ ತೆಗೆದು, ಸಿನಿಮಾದಲ್ಲಿ ಬರುವ ಕಾರಿನ ಥರಾನೇ ಮಾಡೋದು ಹೇಗೆ?

ಉದಾಹರಣೆಗೆ ನಾನು ತಗೊಂಡಿರೋದು 1968ರ ಹಾಲಿವುಡ್ ಸಿನಿಮಾ ‘ಬುಲಿಟ್’. ನಿರ್ದೇಶಕ ಪೀಟರ್ ಯೇಟ್ಸ್, ನಾಯಕ ಸ್ಟೀವ್ ಮೆಕ್ವೀನ್. ಸ್ಯಾನ್ ಫ್ರಾನ್ಸಿಸ್ಕೊದ ಏರು-ತಗ್ಗಿನ ಬೀದಿಗಳಲ್ಲಿ ಒಂದು ಹಸಿರು ಫೋರ್ಡ್ ಮಸ್ಟ್ಯಾಂಗ್, ಒಂದು ಕಪ್ಪು ಡಾಡ್ಜ್ ಚಾರ್ಜರ್. ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಓಟ. ಓಟ ಜೋರಾದ ಮೇಲೆ ಹಿನ್ನೆಲೆ ಸಂಗೀತ ಪೂರ್ತಿ ನಿಂತುಹೋಗುತ್ತೆ. ಎಂಜಿನ್ನು, ಟೈರು, ಅಷ್ಟೇ ಸದ್ದು. ಆ ಸಿನಿಮಾಕ್ಕೆ ಸಂಕಲನದ ಆಸ್ಕರ್ ಬಂತು. ಇನ್ನೊಂದು ಮಜಾ ಏನಂದ್ರೆ, ಹಾಟ್ ವೀಲ್ಸ್ ಕಾರುಗಳು ಮೊದಲ ಸಲ ಮಾರುಕಟ್ಟೆಗೆ ಬಂದಿದ್ದೂ ಅದೇ 1968ರಲ್ಲಿ. ಮೊದಲ 16 ಕಾರುಗಳ ಪೈಕಿ ಒಂದು ಮಸ್ಟ್ಯಾಂಗೂ ಇತ್ತು.

ಈಗ ನೀವು ಕೇಳಬಹುದು, ಬುಲಿಟ್ ಮಸ್ಟ್ಯಾಂಗ್ ರೆಡಿಮೇಡ್ ಸಿಗಲ್ವಾ ಅಂತ. ಸಿಗುತ್ತೆ. ಆದರೂ ಕೈಯಾರೆ ಮಾಡೋದರಲ್ಲಿ ಬೇರೆಯದೇ ಒಂದು ಲಾಭ ಇದೆ. ಅದು ನೋಡೋದನ್ನು ಕಲಿಸುತ್ತೆ.

ಸಾಮಾನ್ಯವಾಗಿ ಸಿನಿಮಾ ಕಾರು ಅಂದಕೂಡಲೇ ನಮ್ಮ ತಲೆಗೆ ಬರೋದು ‘ಏನೇನು ಸೇರಿಸಬೇಕು’ ಅನ್ನೋ ಪ್ರಶ್ನೆ. ಸ್ಟಿಕ್ಕರ್, ಪಟ್ಟೆ, ರೆಕ್ಕೆ. ಬುಲಿಟ್ ಕಾರಿನ ಲೆಕ್ಕ ಉಲ್ಟಾ. ಸಿನಿಮಾ ಮಾಡಿದವರು ಅದರಿಂದ ಒಂದೊಂದೇ ತೆಗೆಯುತ್ತಾ ಹೋದರು. ಮುಂದಿನ ಜಾಲರಿಯ ಮೇಲೆ ಓಡುವ ಕುದುರೆಯ ಲೋಗೊ ಇತ್ತು, ತೆಗೆದರು. ಜಾಲರಿಯೊಳಗಿನ ಎರಡು ಫಾಗ್ ಲ್ಯಾಂಪ್ ತೆಗೆದರು. ಜಿಟಿ ಬ್ಯಾಡ್ಜ್‌ಗಳನ್ನು ತೆಗೆದರು. ಕಂಪನಿಯ ಚಕ್ರ ಬಿಚ್ಚಿ, ಐದು ಕಡ್ಡಿಯ ‘ಟಾರ್ಕ್ ಥ್ರಸ್ಟ್’ ಚಕ್ರ ಹಾಕಿದರು. ಉಳಿದಿದ್ದು ಗಾಢ ಹಸಿರಿನ, ಹೆಸರೇ ಇಲ್ಲದಂಥ ಒಂದು ಕಾರು. ಹೆಚ್ಚು ಮಾತಾಡದ ಪೊಲೀಸ್ ಅಧಿಕಾರಿಯ ಪಾತ್ರಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಹಾಗಾಗಿ ನಮ್ಮ ಕೆಲಸದಲ್ಲೂ ಮುಕ್ಕಾಲು ಪಾಲು ತೆಗೆಯೋದೇ.

ಮೊದಲು ಅಳತೆ ನೋಡೋಣ. ನಿಜವಾದ 1968ರ ಮಸ್ಟ್ಯಾಂಗ್ ಸುಮಾರು 4.66 ಮೀಟರ್ ಉದ್ದ. 1:64 ಅಳತೆಯಲ್ಲಿ ಅದು 73 ಮಿಲಿಮೀಟರ್, ಹೆಚ್ಚುಕಡಿಮೆ ತೋರುಬೆರಳಿನಷ್ಟು. ಬಾಡಿ ಝಮಾಕ್ ಅನ್ನೋ ಮಿಶ್ರಲೋಹದ್ದು, ಅದರಲ್ಲಿ ಹೆಚ್ಚಿನ ಪಾಲು ಸತು. ಅಡಿಭಾಗ ಮತ್ತು ಬಾಡಿಯನ್ನು ಹಿಡಿದಿರೋದು ಒಂದೋ ಎರಡೋ ರಿವೆಟ್. ರಿವೆಟ್ಟಿನ ನಡುವೆ ಚುಕ್ಕಿ ಒತ್ತಿ, ಮೊದಲು ಸಣ್ಣ ಬಿಟ್, ಆಮೇಲೆ ಮೂರು ಮಿಲಿಮೀಟರ್ ಆಸುಪಾಸಿನ ಬಿಟ್ ಹಾಕಿ, ನಿಧಾನವಾಗಿ ಅದರ ತಲೆ ಮಾತ್ರ ಕೊರೆಯಬೇಕು. ಕಂಬ ಉಳಿಸ್ಕೊಳ್ಳಿ. ಕೊನೆಗೆ ಅದರಲ್ಲೇ ಪುಟ್ಟ ಸ್ಕ್ರೂ ಹಾಕಿ ಕಾರನ್ನು ಮತ್ತೆ ಮುಚ್ಚಬಹುದು. ಕಾರನ್ನು ಕೈಯಲ್ಲಿ ಹಿಡಿದು ಕೊರೆಯಬೇಡಿ, ವೈಸ್‌ಗೆ ಬಟ್ಟೆ ಸುತ್ತಿ ಸಿಕ್ಕಿಸಿ. ಕಣ್ಣಿಗೆ ಕನ್ನಡಕ ಇರಲೇಬೇಕು.

ಮುಂದಿನದು ಹಳೇ ಬಣ್ಣ ತೆಗೆಯೋದು. ಇಲ್ಲಿ ಒಂದು ನಿಮಿಷ ನಿಲ್ಲೋಣ, ಯಾಕಂದ್ರೆ ಈ ಹವ್ಯಾಸದಲ್ಲಿ ನಿಜವಾದ ಅಪಾಯ ಇರೋದು ಇಲ್ಲೇ. ಕೆಲವು ಪೇಂಟ್ ರಿಮೂವರ್‌ಗಳಲ್ಲಿ ಮಿಥಿಲೀನ್ ಕ್ಲೋರೈಡ್ ಇರುತ್ತೆ. ಮುಚ್ಚಿದ ಕೋಣೆಯಲ್ಲಿ ಅದರ ಆವಿ ಜೀವಕ್ಕೇ ಅಪಾಯ. ಅಂಥ ರಿಮೂವರ್‌ಗಳನ್ನು ಸಾಮಾನ್ಯ ಗ್ರಾಹಕರಿಗೆ ಮಾರೋದನ್ನು ಅಮೆರಿಕ 2019ರಲ್ಲಿ ನಿಷೇಧಿಸಿತು. ಹಾಗಾಗಿ ಡಬ್ಬಿ ಮೇಲೆ ಬರೆದಿದ್ದನ್ನು ಓದಿ, ಆ ಹೆಸರು ಕಂಡರೆ ವಾಪಸ್ ಇಡಿ. ಅಸಿಟೋನ್ ಬಳಸಿದರೆ ಅದು ಥಟ್ಟನೆ ಬೆಂಕಿ ಹತ್ತೋ ವಸ್ತು ಅನ್ನೋದು ನೆನಪಿರಲಿ. ಗ್ಯಾಸ್ ಒಲೆ, ದೇವರ ದೀಪದ ಹತ್ತಿರಕ್ಕೂ ಅದು ಹೋಗಬಾರದು. ಬಾಲ್ಕನಿಯೋ ಟೆರೇಸೋ ನೋಡ್ಕೊಳ್ಳಿ. ಕೈಗವಸು ಹಾಕಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ.

ಬಣ್ಣ ಹೋದ ಮೇಲೆ ಅಚ್ಚಲ್ಲೇ ಮೂಡಿರೋ ಕುದುರೆ, ಬ್ಯಾಡ್ಜ್ ಎಲ್ಲ ಸ್ಪಷ್ಟ ಕಾಣುತ್ತೆ. ಅವನ್ನು ಸಣ್ಣ ಅರದಿಂದ ಉಜ್ಜಿ, ಆಮೇಲೆ ನುಣುಪಾದ ಎಮರಿ ಪೇಪರ್ ಹಾಕಿ. ಇದು ತಿರುಗಿ ಬರೋ ದಾರಿಯಲ್ಲ. ಒಮ್ಮೆ ಉಜ್ಜಿದ ಕುದುರೆ ಮತ್ತೆ ಬರಲ್ಲ. ಅದಕ್ಕೇ ಅಪರೂಪದ ಹಳೇ ಕಾರನ್ನು ಇದಕ್ಕೆ ಬಳಸಬೇಡಿ. ಅಂಗಡಿಯಲ್ಲಿ ಹತ್ತಾರು ತೂಗುಹಾಕಿರೋ ಮಾಮೂಲಿ ಮಾಡೆಲ್ ಸಾಕು.

ಈಗ ಬಣ್ಣ. ಸಿನಿಮಾದ ಕಾರಿನದು ಹೈಲ್ಯಾಂಡ್ ಗ್ರೀನ್. ಇಲ್ಲೊಂದು ಲೆಕ್ಕ ಕೇಳಿ. ನೀವು ಹಚ್ಚಿದ ಬಣ್ಣದ ಪದರ ಬರೀ 0.1 ಮಿಲಿಮೀಟರ್ ದಪ್ಪ ಇದ್ದರೂ, 64ರಿಂದ ಗುಣಿಸಿದರೆ ನಿಜವಾದ ಕಾರಿನ ಮೇಲೆ 6.4 ಮಿಲಿಮೀಟರ್ ದಪ್ಪದ ಬಣ್ಣ ಬಳಿದ ಹಾಗೆ! ಬಾಗಿಲಿನ ಗೆರೆಗಳೇ ಮುಚ್ಚಿಹೋಗುತ್ತವೆ. ಹಾಗಾಗಿ ತೆಳು ಪ್ರೈಮರ್, ತೆಳು ಬಣ್ಣ, ನಡುನಡುವೆ ಒಣಗಲು ಸಮಯ, ಕೊನೆಗೆ ತೆಳು ಕ್ಲಿಯರ್ ಕೋಟ್. ಮೆಟಾಲಿಕ್ ಬಣ್ಣದ ಹೊಳಪಿನ ಕಣಗಳಿಗೂ ಇದೇ ಲೆಕ್ಕ. ನಿಜವಾದ ಕಾರಿನ ಬಣ್ಣ ತಂದು ಹಾಕಿದರೆ ಪುಟ್ಟ ಕಾರಿನ ಮೇಲೆ ಜಲ್ಲಿ ಎರಚಿದಂತೆ ಕಾಣುತ್ತೆ. ಆದಷ್ಟು ಸಣ್ಣ ಕಣದ ಬಣ್ಣ ಹುಡುಕಿ. ಕಾರು ಚಿಕ್ಕದಾದಷ್ಟೂ ಗಾಢ ಬಣ್ಣ ಇನ್ನೂ ಕಪ್ಪಾಗಿ ಕಾಣುತ್ತೆ, ಅದಕ್ಕೆ ಒಂದು ಛಾಯೆ ತಿಳಿ ಇದ್ದರೇ ಚೆಂದ.

ನಂಬರ್ ಪ್ಲೇಟ್ ಮರೀಬೇಡಿ. ಕ್ಯಾಲಿಫೋರ್ನಿಯಾದ ಆ ಕಾಲದ ಪ್ಲೇಟು, ಕಪ್ಪು ಹಿನ್ನೆಲೆ, ಹಳದಿ ಅಕ್ಷರ: ಜೆಜೆಝಡ್ 109. ನಮ್ಮ ಅಳತೆಯಲ್ಲಿ ಅದು ಐದು ಮಿಲಿಮೀಟರ್ ಅಗಲವೂ ಇಲ್ಲ. ಪ್ರಿಂಟ್ ತೆಗೆದು ಕತ್ತರಿಸಿ ಅಂಟಿಸೋದೇ ಸುಲಭ.

ಇಷ್ಟೆಲ್ಲ ಆದಮೇಲೆ ಒಂದು ದೊಡ್ಡ ಪ್ರಶ್ನೆ ಬಾಕಿ ಇದೆ. ಯಾವ ಬುಲಿಟ್ ಕಾರು ಮಾಡ್ತೀರಿ? ಯಾಕಂದ್ರೆ ಆ ಕಾರಿಗೆ ಸಿನಿಮಾ ಮುಗಿದ ಮೇಲೂ ಒಂದು ಬದುಕಿತ್ತು. ಶೂಟಿಂಗಿಗೆ ಬಳಸಿದ್ದು ಎರಡು ಮಸ್ಟ್ಯಾಂಗ್. ಸ್ಟಂಟಿಗೆ ಬಳಸಿದ್ದು ಎಷ್ಟೋ ದಶಕ ಕಣ್ಮರೆಯಾಗಿ, 2017ರಲ್ಲಿ ಮೆಕ್ಸಿಕೊದಲ್ಲಿ ಪತ್ತೆಯಾಯ್ತು. ಇನ್ನೊಂದನ್ನು 1974ರಲ್ಲಿ ಒಂದು ಸಾಮಾನ್ಯ ಕುಟುಂಬ 6,000 ಡಾಲರಿಗೆ ಕೊಂಡು, ಮನೆಯ ದಿನನಿತ್ಯದ ಓಡಾಟಕ್ಕೇ ಬಳಸಿತು. 1977ರಲ್ಲಿ ಮೆಕ್ವೀನ್ ಸ್ವತಃ ಪತ್ರ ಬರೆದು ವಾಪಸ್ ಕೇಳಿದರೂ ಅವರು ಕೊಡಲಿಲ್ಲ. 2018ರಲ್ಲಿ ಅದು ಡೆಟ್ರಾಯ್ಟ್ ಆಟೊ ಶೋದಲ್ಲಿ ಮತ್ತೆ ಜನರ ಕಣ್ಣಿಗೆ ಬಿತ್ತು. 2020ರ ಜನವರಿಯಲ್ಲಿ ಫ್ಲಾರಿಡಾದ ಹರಾಜಿನಲ್ಲಿ, ಶುಲ್ಕ ಸೇರಿ 37 ಲಕ್ಷ ಡಾಲರ್ ದಾಟಿತು. ಗಮನಿಸಿ, ಹೊಸ ಬಣ್ಣ ಬಳಿದು ಫಳಫಳ ಮಾಡಿ ಮಾರಿದ್ದಲ್ಲ. ಮಾಸಿದ ಬಣ್ಣ, ಗೀರು, ತುಕ್ಕು ಎಲ್ಲ ಇದ್ದ ಹಾಗೇ.

ಹಾಗಾಗಿ ತೆರೆಯ ಮೇಲಿನ ಕಾರು ಬೇಕೋ, ಇಂದಿನ ಮುಪ್ಪಾದ ಕಾರು ಬೇಕೋ, ಮೊದಲೇ ತೀರ್ಮಾನಿಸಿ. ನಾನಂತೂ ತೆರೆಯ ಮೇಲಿನದನ್ನೇ ಆರಿಸ್ಕೊಳ್ತೀನಿ. ಚಕ್ರದ ಹಿಂದೆ ಸ್ವಲ್ಪ ಧೂಳಿನ ಬಣ್ಣ ಸಾಕು. ಬೆಟ್ಟದ ಬೀದಿಯಲ್ಲಿ ಹಾರಿ ಬಿದ್ದ ಕಾರು ಶೋರೂಮಿನ ಹಾಗೆ ಹೊಳೆಯೋಕಾಗಲ್ಲ ಅಲ್ವಾ.

ಕೊನೆಯದಾಗಿ ಒಂದು ಮಾತು. ಚೆನ್ನಾಗಿ ಮಾಡಿದ ಕಾರನ್ನು ಯಾರಾದರೂ ದುಡ್ಡು ಕೊಟ್ಟು ಕೇಳ್ತಾರೆ. ಮಾರೋದು ತಪ್ಪಲ್ಲ. ಆದರೆ ಅದನ್ನು ಕಂಪನಿಯ ಅಪರೂಪದ ಮಾಡೆಲ್ ಅಂತ ನಂಬಿಸಿ ಮಾರೋರೂ ಇದ್ದಾರೆ. ಮೋಸ ಹೋಗೋದು ಹೆಚ್ಚಾಗಿ ಪಾಕೆಟ್ ಮನಿ ಕೂಡಿಟ್ಟು ಕೊಳ್ಳೋ ಹುಡುಗರು. ಅದಕ್ಕೇ ಕಾರನ್ನು ಮುಚ್ಚೋ ಮುಂಚೆ, ಒಳಗೆ ನಿಮ್ಮ ಹೆಸರು, ವರ್ಷ, ‘ಕೈಯಾರೆ ಬದಲಾಯಿಸಿದ್ದು’ ಅನ್ನೋ ಮಾತು ಬರೀರಿ. ಮೇಲಿನ ಲೋಗೊಗಳನ್ನೆಲ್ಲ ತೆಗೆದ ಕಾರಿನಲ್ಲಿ ಇರಬೇಕಾದ ಒಂದೇ ಹೆಸರು ಅದು.

ನೀವು ಯಾವ ಸಿನಿಮಾದ ಕಾರು ಮಾಡ್ತೀರಿ? ಈ ವಾರ ಸಿನಿಮಾ ಹಾಕಿ, ಬೇಕಾದ ದೃಶ್ಯದಲ್ಲಿ ಪಾಸ್ ಮಾಡಿ, ಕಾರನ್ನೇ ನೋಡ್ತಾ ಕೂತ್ಕೊಳ್ಳಿ. ಏನು ಇಲ್ಲ ಅನ್ನೋದನ್ನು ಪಟ್ಟಿ ಮಾಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.