ಮುಂದಿನ ಪ್ರಶ್ನೆಗೂ ಮೊದಲು

ಇವತ್ತು ಚಿಕ್ಕ ಎಪಿಸೋಡ್.

ಕಳೆದ ವಾರ ಬೆಂಗಳೂರಲ್ಲಿ ಮೊದಲ ಸಲ ಲೈವ್ ಜಾಝ್ ಕೇಳಿದೆ. ಪಿಯಾನೋ, ಡಬಲ್ ಬೇಸ್, ಡ್ರಮ್ಸ್, ಮೂರೇ ಜನ. ಒಂದು ಹಂತದಲ್ಲಿ ಪಿಯಾನೋದವರು ನಾಲ್ಕು ಬಾರ್, ಅಂದ್ರೆ ತಾಳದ ನಾಲ್ಕು ಸುತ್ತು ನುಡಿಸಿದ್ರೆ, ಡ್ರಮ್ಮರ್ ಅಷ್ಟರಲ್ಲೇ ಉತ್ತರ ಕೊಡ್ತಿದ್ರು. ಇದನ್ನ ‘ಟ್ರೇಡಿಂಗ್ ಫೋರ್ಸ್’ ಅಂತಾರೆ. ನಮ್ಮ ಕಛೇರಿಗಳ ತನಿ ಆವರ್ತನದಲ್ಲಿ ಮೃದಂಗ, ಘಟ ಮಾತಾಡ್ಕೊಳ್ಳುತ್ತಲ್ಲ, ಹಾಗೆ. ಉತ್ತರ ಮೊದಲೇ ರೆಡಿ ಇಟ್ಕೊಳ್ಳೋಕಾಗಲ್ಲ. ಎದುರಿನವರನ್ನ ಕೇಳಿಸ್ಕೊಳ್ಳಲೇಬೇಕು.

ಆಗ ನನ್ನ ಶೋಗೆ ಬಂದಿದ್ದ ಒಬ್ಬ ಅತಿಥಿ ನೆನಪಾದ್ರು. ರೆಕಾರ್ಡಿಂಗ್ ಮಧ್ಯೆ ಅವರು, “ಅಪ್ಪ ಹೋದ್ಮೇಲೆ ಅಂಗಡಿ ಬಾಗಿಲು ತೆಗೆಯೋಕೇ ಮನಸ್ಸು ಬರ್ಲಿಲ್ಲ” ಅಂದಿದ್ರು. ನಾನು, “ಓಕೆ, ಈಗ ವ್ಯಾಪಾರ ಎಷ್ಟು ಬೆಳೆದಿದೆ?” ಅಂದಿದ್ದೆ. ಮೊಬೈಲ್‌ನಲ್ಲಿ ಬರ್ಕೊಂಡಿದ್ದ ಮುಂದಿನ ಪ್ರಶ್ನೆ ಅದು.

ಮನೆಗೆ ಬಂದ್ರೂ ನಿದ್ದೆ ಬರ್ಲಿಲ್ಲ. ಬಿಲ್ ಇವಾನ್ಸ್ ಟ್ರಿಯೋ 1961ರ ಜೂನ್ 25ರಂದು ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್‌ನಲ್ಲಿ ನುಡಿಸಿದ ಲೈವ್ ರೆಕಾರ್ಡಿಂಗ್ ಹಾಕ್ದೆ. ಗ್ಲಾಸುಗಳ ಸದ್ದಿನ ನಡುವೆಯೂ ಪಿಯಾನೋ, ಬೇಸ್ ಎರಡೂ ಮಾತಾಡ್ತಾನೇ ಇವೆ. ಬೇಸ್ ನುಡಿಸಿದ್ದ ಸ್ಕಾಟ್ ಲಾಫಾರೊ 11 ದಿನಗಳ ನಂತರ ಕಾರ್ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 25. ಆ ಮಾತುಕತೆ ಅಲ್ಲಿಗೇ ನಿಂತುಹೋಯ್ತು.

ಬೆಳಗ್ಗೆ ಎದ್ದವನೇ ಆ ಅತಿಥಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. “ಅಪ್ಪನ ಬಗ್ಗೆ ಹೇಳಿ” ಅಂದೆ. 40 ನಿಮಿಷ ಮಾತಾಡಿದ್ರು. ರೆಕಾರ್ಡ್ ಮಾಡ್ಲಿಲ್ಲ.

ಮುಂದಿನ ಎಪಿಸೋಡ್‌ಗೆ ಅವರೇ ಬರ್ತಿದ್ದಾರೆ. ಈ ಸಲ ಮೊದಲ ಪ್ರಶ್ನೆ ಮಾತ್ರ ಬರ್ಕೊಂಡಿದ್ದೀನಿ. ಸಿಗೋಣ.